ಉಬ್ಬಿದ ಕೆಪಾಸಿಟರ್ ಮುಂದೆ ತೈವಾನ್ ಅತಿಥಿಗಳು

ಬೆಂಗಳೂರಿನ ಎಸ್‌.ಪಿ. ರಸ್ತೆಯ ಸಣ್ಣ ಆಮದುದಾರರೊಬ್ಬರ ಮಳಿಗೆಗೆ ಈಚೆಗೆ ತೈವಾನಿನ ಮದರ್‌ಬೋರ್ಡ್ ಕಂಪನಿಯವರು ಬಂದಿದ್ದರು. ಎರಡೂ ಕೈಯಲ್ಲಿ ವಿಸಿಟಿಂಗ್ ಕಾರ್ಡ್ ಕೊಟ್ಟರು, ಅನಾನಸ್ ಕೇಕಿನ ಡಬ್ಬಿ ಮೇಜಿನ ಮೇಲಿಟ್ಟರು. ಫಿಲ್ಟರ್ ಕಾಫಿ ಮುಗಿಯುತ್ತಲೇ ಮಾಲೀಕರು ಅವರನ್ನು ನೇರ ಮಹಡಿಯ ಸರ್ವಿಸ್ ಕೋಣೆಗೆ ಕರೆದೊಯ್ದರು. ಆರ್ಡರ್ ಮಾತು ಆಮೇಲೆ. ಮೊದಲು ಕೆಟ್ಟ ಬೋರ್ಡುಗಳ ದರ್ಶನ.

ಇಷ್ಟು ವರ್ಷ ಜೋಪಾನ ಮಾಡಿದ್ದ ಹಳೆಯ ಬೋರ್ಡೊಂದನ್ನು ಮೆಕ್ಯಾನಿಕ್ ದೀಪದಡಿ ಹಿಡಿದರು. ಪ್ರೊಸೆಸರ್ ಪಕ್ಕದ ಕೆಪಾಸಿಟರ್‌ಗಳ ತಲೆ ಪೂರಿಯಂತೆ ಉಬ್ಬಿತ್ತು. ಒಂದರಿಂದ ಕಂದು ದ್ರವ ಒಸರಿ ಒಣಗಿತ್ತು.

ಆ ಪುಟ್ಟ ಡಬ್ಬಿಗಳ ಕಥೆ ದೊಡ್ಡದು. 2000ದ ದಶಕದ ಆರಂಭದಲ್ಲಿ ಬಂದ ಅನೇಕ ಕೆಪಾಸಿಟರ್‌ಗಳ ಒಳಗಿನ ದ್ರವದ, ಅಂದರೆ ಎಲೆಕ್ಟ್ರೋಲೈಟ್‌ನ, ಮಿಶ್ರಣವೇ ಸರಿಯಿರಲಿಲ್ಲ. ಅದರೊಳಗಿನ ನೀರು ಅಲ್ಯುಮಿನಿಯಂ ಅನ್ನು ತಿನ್ನುತ್ತಿತ್ತು. ಹೈಡ್ರೋಜನ್ ತುಂಬಿ ಒತ್ತಡ ಏರುತ್ತಿತ್ತು. ಡಬ್ಬಿಯ ನೆತ್ತಿಯ ಮೇಲೆ ಕಾಣುವ ಅಡ್ಡಗೀರು ಇಂಥ ಹೊತ್ತಿಗೆಂದೇ ಇರುವುದು: ಇಡೀ ಡಬ್ಬಿ ಸಿಡಿಯುವ ಮುಂಚೆ ಅಲ್ಲೇ ಬಿರಿದು ಒತ್ತಡ ಹೊರಹೋಗಲಿ ಎಂದು. ಈ ದೋಷದಿಂದ ಕೆಟ್ಟ ಕಂಪ್ಯೂಟರ್‌ಗಳ ಸಲುವಾಗಿ ಡೆಲ್ 2005ರಲ್ಲಿ 30 ಕೋಟಿ ಡಾಲರ್ ಹೊರೆ ಹೊರಬೇಕಾಯಿತು. ಈಗಿನ ಬೋರ್ಡುಗಳಲ್ಲಿ ಹೆಚ್ಚಾಗಿ ಘನ ಪಾಲಿಮರ್ ಕೆಪಾಸಿಟರ್‌ಗಳಿವೆ. ಒಸರಲು ದ್ರವವೇ ಇಲ್ಲ.

ಹೊಸ ಕಾಯಿಲೆಗಳು ಬೇರೆ: ಬಾಗಿದ ಸಾಕೆಟ್ ಪಿನ್ನು, ವೋಲ್ಟೇಜ್ ಏರಿಳಿತಕ್ಕೆ ಸುಟ್ಟ ಪೋರ್ಟು, ಹೀಟ್‌ಸಿಂಕ್‌ಗೆ ಕಚ್ಚಿದ ದೂಳು. ಬಂದವರಲ್ಲಿ ಎಂಜಿನಿಯರ್ ಆಗಿದ್ದವರು ಒಂದೊಂದರ ಸೀರಿಯಲ್ ನಂಬರ್ ಸ್ಟಿಕ್ಕರ್ ಫೋಟೊ ತೆಗೆದು, ಯಾವ ಊರಿನಿಂದ ವಾಪಸ್ ಬಂತೆಂದು ಕೇಳಿ ಬರೆದುಕೊಂಡರು. ಲ್ಯಾಬಿನಲ್ಲಿ ಕಾಣದ ನಮ್ಮ ಕರೆಂಟು, ನಮ್ಮ ದೂಳು ಕಾರ್ಖಾನೆಗೆ ತಿಳಿಯುವುದು ಹೀಗೆ. ಎಂಥ ಜಾಹೀರಾತೂ ಈ ಕೆಲಸ ಮಾಡದು.

ಇಂಥ ಸಣ್ಣ ಆಮದುದಾರರ ವ್ಯಾಪಾರ ನಿಯಮಗಳ ಜೊತೆಗೇ ಬದಲಾಗುತ್ತ ಬಂದಿದೆ. 1984ರ ಕಂಪ್ಯೂಟರ್ ನೀತಿ ಆಮದಿನ ಬಿಗಿ ಸಡಿಲಿಸಿತು. 1997ರಲ್ಲಿ ಭಾರತ ಸೇರಿದ ಮಾಹಿತಿ ತಂತ್ರಜ್ಞಾನ ಒಪ್ಪಂದದಿಂದ 2005ರ ಹೊತ್ತಿಗೆ ಕಂಪ್ಯೂಟರ್ ಮೇಲಿನ ಸುಂಕ ಸೊನ್ನೆಗಿಳಿಯಿತು. 2023ರ ನವೆಂಬರ್‌ನಿಂದ ಲ್ಯಾಪ್‌ಟಾಪ್ ತರಿಸಲು ಮುಂಚಿತ ಅನುಮತಿ ಬೇಕಾಯಿತು. ಚೆನ್ನೈ ಬಂದರಿನಿಂದ ವೈಟ್‌ಫೀಲ್ಡ್ ಕಂಟೇನರ್ ಡಿಪೊಗೆ ಮಾಲು ಬರುವಷ್ಟರಲ್ಲಿ ಡಾಲರ್ ದರ ಏರಿದರೂ ನಷ್ಟ ಸಣ್ಣವರಿಗೇ. ಹೀಗಿದ್ದೂ ದುರಸ್ತಿಗೆಂದು ಒಂದು ಕೋಣೆ, ಒಬ್ಬ ಮೆಕ್ಯಾನಿಕ್ ಇಟ್ಟುಕೊಂಡವರು ಗೌರವಕ್ಕೆ ಅರ್ಹರು.

ಆಮದು ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ ಇರಲೇಬೇಕೆಂಬುದು ಕಾನೂನು. ಮುಂದಿನ ಸಲ ಬೋರ್ಡ್ ಕೊಳ್ಳುವಾಗ ದರ ಕೇಳುವ ಮೊದಲು ಆ ಸಾಲು ಓದಿ. ಕೆಟ್ಟರೆ ರಿಪೇರಿ ಎಲ್ಲಿ ಮಾಡುತ್ತೀರೆಂದು ಅಂಗಡಿಯವರನ್ನು ಕೇಳಿ.