ಹೊಸ ಸ್ಕೂಟರ್‌ನ ಹ್ಯಾಂಡಲ್ ಎಳೆಯುತ್ತಿದೆಯೇ?

ಮದ್ದೂರಿನ ಹೊಳೆ ಆಂಜನೇಯನ ಗುಡಿ ಮುಂದೆ ಹೊಸ ಸ್ಕೂಟರ್‌ಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸಿದ್ದಾಯಿತು. ಆದರೆ ಊರು ದಾಟುವಷ್ಟರಲ್ಲಿ ‘ಹ್ಯಾಂಡ್ಲು ಯಾಕೋ ಎಡಕ್ಕೆ ಎಳೀತದೆ’ ಅನ್ನಿಸಿದರೆ? ‘ಹೊಸ ಗಾಡಿ ಅಲ್ವಾ, ಓಡ್ತಾ ಓಡ್ತಾ ಸರಿ ಹೋಗ್ತದೆ’ ಎಂದು ಸಮಾಧಾನ ಹೇಳುವವರೇ ಹೆಚ್ಚು. ಎಂಜಿನ್ ಓಡುತ್ತಾ ಪಳಗುವುದು ನಿಜ. ಹ್ಯಾಂಡಲ್ ದೋಷ ಮಾತ್ರ ಓಡಿಸಿದಷ್ಟೂ ಬೆಳೆಯುತ್ತದೆ.

ನಮ್ಮ ಭಾಗದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಮಂಡ್ಯ–ಮದ್ದೂರು ನಡುವೆ ಸ್ಕೂಟರ್ ಓಡಬೇಕಾದದ್ದು ಸರ್ವಿಸ್ ರಸ್ತೆಯಲ್ಲಿ. ಕಬ್ಬು ಕಟಾವಿನ ಕಾಲದಲ್ಲಿ ಕೆ.ಎಂ. ದೊಡ್ಡಿ ಮೇಲೆ ಮಳವಳ್ಳಿಗೆ ಹೊರಟರೆ ಕಬ್ಬಿನ ಟ್ರ್ಯಾಕ್ಟರ್ ಪಕ್ಕದಲ್ಲೇ ಸಾಗಬೇಕು. ಅಲ್ಲಿ ಹ್ಯಾಂಡಲ್ ಒಂದು ಗೇಣು ಆಚೀಚೆ ಆದರೂ ಅನಾಹುತ.

ಮೊದಲು ಗಾಳಿ

ಹೆಚ್ಚಿನ ದೂರುಗಳ ಮೂಲ ಟಯರ್‌ನ ಗಾಳಿ. ಅನೇಕ ಸ್ಕೂಟರ್‌ಗಳಿಗೆ ಒಬ್ಬರೇ ಓಡಿಸುವಾಗ ಮುಂದೆ 22, ಹಿಂದೆ 29 ಪಿಎಸ್‌ಐ ಸಾಕು. ನಿಮ್ಮ ಗಾಡಿಯ ಲೆಕ್ಕ ಅದರ ಕೈಪಿಡಿಯಲ್ಲಿರುತ್ತದೆ. ಬಂಕ್‌ನಲ್ಲಿ ಎರಡಕ್ಕೂ ಒಂದೇ ಅಳತೆ ತುಂಬಿಸಿದರೆ ಮುಂದಿನ ಚಕ್ರ ಕಲ್ಲು ಸಿಕ್ಕಲ್ಲೆಲ್ಲ ಪುಟಿಯುತ್ತದೆ. ಗಾಳಿ ಕಡಿಮೆಯಾದರೆ ಹ್ಯಾಂಡಲ್ ಭಾರವಾಗುತ್ತದೆ. ಟಯರ್ ತಣ್ಣಗಿರುವಾಗಲೇ ಅಳೆಸಿ.

ಆಮೇಲೆ ಕೋನ್ ಸೆಟ್

ಹ್ಯಾಂಡಲ್ ತಿರುಗುವ ಕೊಳವೆಯೊಳಗೆ ಮೇಲೆ, ಕೆಳಗೆ ಬೇರಿಂಗ್ ಇರುತ್ತವೆ. ಮೆಕ್ಯಾನಿಕ್‌ಗಳು ಇದನ್ನು ಕೋನ್ ಸೆಟ್ ಎನ್ನುತ್ತಾರೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೆಲ ಬಿಡುವಂತೆ ಹಿಂದೆ ಒಬ್ಬರು ಭಾರ ಹಾಕಲಿ. ಒಂದೇ ಬೆರಳಿನಿಂದ ಹ್ಯಾಂಡಲ್ ತಳ್ಳಿ. ಎರಡೂ ಕಡೆಗೆ ಸಲೀಸಾಗಿ ತಿರುಗಬೇಕು. ಬಿಗಿಯೆನಿಸಿದರೆ ನಟ್ ಅತಿಯಾಗಿ ಟೈಟ್ ಆಗಿದೆ. ಅಂಥ ಗಾಡಿ ನೇರ ರಸ್ತೆಯಲ್ಲೂ ಓಲಾಡುತ್ತದೆ. ಈಗ ಫೋರ್ಕಿನ ಕೆಳಭಾಗ ಹಿಡಿದು ಹಿಂದೆ ಮುಂದೆ ಅಲುಗಿಸಿ. ‘ಟಕ್’ ಎಂದರೆ ಸಡಿಲವಿದೆ ಎಂದೇ ಅರ್ಥ; ಮುಂದಿನ ಬ್ರೇಕ್ ಹಿಡಿದಾಗಲೂ ಅದೇ ಸದ್ದು ಬರುತ್ತದೆ. ಇದನ್ನು ಮನೆಯಲ್ಲಿ ಸ್ಪ್ಯಾನರ್ ಹಿಡಿದು ಸರಿಮಾಡಲು ಹೋಗಬೇಡಿ.

ಒಂದೇ ಕಡೆ ತಿರುಗಿಸುವಾಗ ಹ್ಯಾಂಡಲ್ ಹಿಡಿದುಕೊಂಡರೆ ಬ್ರೇಕ್ ಕೇಬಲ್ ಎಲ್ಲಾದರೂ ಸಿಕ್ಕಿರಬಹುದು, ಶೋರೂಮಿನಲ್ಲಿ ಕೂರಿಸಿದ ಗಾರ್ಡ್ ಮಡ್‌ಗಾರ್ಡ್‌ಗೆ ತಾಗುತ್ತಿರಬಹುದು. ಚಕ್ರ ನೇರವಿದ್ದು ಹ್ಯಾಂಡಲ್ ಸೊಟ್ಟಗಿದ್ದರೆ, ಲಾರಿಯಲ್ಲಿ ತರುವಾಗಲೋ ಇಳಿಸುವಾಗಲೋ ಪೆಟ್ಟಾಯಿತೇ ಎಂದು ಕೇಳಿ. ಹಿಂದೆ ಮೂಟೆ ಹೇರಿದಾಗ ಮಾತ್ರ ನಡುಗಿದರೆ, ಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರ ಹಗುರವಾಗಿದೆ ಎಂದರ್ಥ. ಎರಡೂ ಕೈ ಬಿಟ್ಟು ನಡುಕ ಪರೀಕ್ಷಿಸುವ ಸಾಹಸ ಮಾತ್ರ ಬೇಡ.

ಬಾಯಿಮಾತು ಸಾಲದು

ದೋಷ ಕಾರ್ಖಾನೆಯದೇ ಆಗಿರುವುದೂ ಉಂಟು. 2018ರಲ್ಲಿ ಹೋಂಡಾ ಕಂಪನಿ ಮುಂದಿನ ಫೋರ್ಕಿನ ಬೋಲ್ಟ್ ದೋಷಕ್ಕಾಗಿ ಆಕ್ಟಿವಾ 125, ಗ್ರಾಜಿಯಾ, ಏವಿಯೇಟರ್ ಸೇರಿ 56,194 ಸ್ಕೂಟರ್‌ಗಳನ್ನು ಹಿಂದಕ್ಕೆ ಕರೆಸಿತ್ತು. 2023ರ ಮಾರ್ಚ್‌ನಲ್ಲಿ ಓಲಾ ತನ್ನ ಗ್ರಾಹಕರಿಗೆ ಮುಂದಿನ ಫೋರ್ಕ್ ಉಚಿತವಾಗಿ ಬದಲಿಸಿಕೊಡುವುದಾಗಿ ಹೇಳಿತು. ಹಾಗಾಗಿ ಸಂಕೋಚಪಟ್ಟು ಸುಮ್ಮನಿರಬೇಡಿ.

ಮೊದಲ ಸರ್ವಿಸ್‌ವರೆಗೆ ಕಾಯದೆ ಗಾಡಿ ಒಯ್ಯಿರಿ. ಯಾವ ವೇಗದಲ್ಲಿ, ಎಂಥ ರಸ್ತೆಯಲ್ಲಿ, ಏನಾಗುತ್ತದೆ ಎಂಬುದನ್ನು ಜಾಬ್ ಕಾರ್ಡ್‌ನಲ್ಲಿ ಬರೆಸಿ ಪ್ರತಿ ಪಡೆಯಿರಿ. ಮೆಕ್ಯಾನಿಕ್‌ನನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ. ಆಗಲೂ ಸರಿಹೋಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗಾಡಿ ಬೆಂಗಳೂರಿನಲ್ಲಿ ಕೊಂಡಿದ್ದರೂ ಮಳವಳ್ಳಿಯವರು ಮಂಡ್ಯದ ಗ್ರಾಹಕ ಆಯೋಗಕ್ಕೇ ಹೋಗಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಅಲ್ಲಿ ನಿಮ್ಮ ಪರವಾಗಿ ನಿಲ್ಲುವುದು ಆ ಜಾಬ್ ಕಾರ್ಡ್ ಪ್ರತಿಯೇ.