ಕಂಟೇನರಿನೊಳಗೆ ಮಳೆ

2022ರ ಆಗಸ್ಟ್ ತಿಂಗಳಿನಲ್ಲಿ ನನ್ನ ಮಗಳು ಮತ್ತು ಅಳಿಯ ಮೈಸೂರಿನ ಮನೆಯನ್ನು ತೆರವು ಮಾಡಿ ಕೆನಡಾದ ಟೊರಾಂಟೊ ನಗರಕ್ಕೆ ಸಂಸಾರ ಸಾಗಿಸಿದರು. ಮಂಚ, ಮೇಜು, ಪುಸ್ತಕದ ಕಪಾಟು, ನನ್ನ ತಂದೆಯವರ ಕಾಲದ ಪುಸ್ತಕಗಳು, ಪಾತ್ರೆ ಪಡಗ ಎಲ್ಲವೂ ಸೇರಿ ಇಪ್ಪತ್ತು ಅಡಿಯ ಒಂದು ಕಂಟೇನರ್ ತುಂಬಿತು. ಅದು ಲಾರಿಯಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ಗೆ, ಅಲ್ಲಿಂದ ರೈಲಿನಲ್ಲಿ ಚೆನ್ನೈ ಬಂದರಿಗೆ, ಕೊಲಂಬೊದಲ್ಲಿ ಹಡಗು ಬದಲಾಯಿಸಿ ಸೂಯೆಜ್ ಕಾಲುವೆಯ ಮೂಲಕ ಮಾಂಟ್ರಿಯಲ್‌ಗೆ ಹೋಗಿ, ಮತ್ತೆ ರೈಲು ಹತ್ತಿ ಟೊರಾಂಟೊ ಸೇರಿತು. ಮಕ್ಕಳಿಗೆ ಮನೆ ಸಿಗುವುದು ತಡವಾದ್ದರಿಂದ ಕಂಟೇನರ್ ಅಲ್ಲಿನ ಅಂಗಳದಲ್ಲೇ ಕೆಲವು ವಾರ ನಿಂತಿತು. ಡಿಸೆಂಬರ್ ಮೊದಲ ವಾರ ಬಾಗಿಲು ತೆರೆದ ದಿನ ಮಗಳ ಫೋನು ಬಂತು.

"ಅಪ್ಪ, ಮೇಲಿನ ಸಾಲಿನ ಪೆಟ್ಟಿಗೆಗಳೆಲ್ಲ ಒದ್ದೆ. ತಾತನ ಪುಸ್ತಕಗಳಿಗೆ ಬೂಷ್ಟು ಹಿಡಿದಿದೆ. ಕೆಳಗಿನ ಪೆಟ್ಟಿಗೆಗಳು ಮಾತ್ರ ಒಣಗೇ ಇವೆ."

ಸಮುದ್ರದ ನೀರು ನುಗ್ಗಿರಬೇಕೆಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳಿದರು. ಆದರೆ ನೀರು ಹೊರಗಿನಿಂದ ನುಗ್ಗಿದರೆ ಮೊದಲು ನೆನೆಯಬೇಕಾದದ್ದು ಕೆಳಗಿನ ಸಾಲು. ಛಾವಣಿಯಲ್ಲಿ ತೂತು ಇರಲಿಲ್ಲ. ಒಳಗೆ ನಿಂತು ಬಾಗಿಲು ಮುಚ್ಚಿಸಿ ನೋಡಿದಾಗ ಎಲ್ಲಿಯೂ ಬೆಳಕು ಕಾಣಲಿಲ್ಲ ಎಂದು ಅಳಿಯ ಹೇಳಿದರು. ವಿಮೆಯ ಪರಿವೀಕ್ಷಕರು ಬಂದು ಒದ್ದೆ ರಟ್ಟಿನ ಮೇಲೆ ಬೆಳ್ಳಿ ನೈಟ್ರೇಟ್ ದ್ರಾವಣದ ಕೆಲವು ಹನಿ ಬಿಟ್ಟರಂತೆ. ಕಡಲ ನೀರಾಗಿದ್ದರೆ ಅದರಲ್ಲಿನ ಕ್ಲೋರೈಡ್‌ನಿಂದ ಹಾಲಿನಂಥ ಬಿಳಿಯ ಪ್ರಕ್ಷೇಪ ಮೂಡಬೇಕಿತ್ತು. ಮೂಡಲಿಲ್ಲ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ನೀವು ಮಾಡಿಸುವ ಇದೇ ಪರೀಕ್ಷೆಯೇ ಹಡಗುಕಟ್ಟೆಗಳಲ್ಲಿ ಸಾವಿರಾರು ರೂಪಾಯಿಗಳ ತಕರಾರುಗಳನ್ನು ಬಗೆಹರಿಸುತ್ತದೆ. ಪುಸ್ತಕಗಳನ್ನು ನೆನೆಸಿದ್ದು ಸಿಹಿನೀರು. ಅದು ಮೈಸೂರಿನಿಂದಲೇ ಹೋದ ನೀರು. ಪೆಟ್ಟಿಗೆ ಕಟ್ಟುವಾಗ ಪಕ್ಕದಲ್ಲೇ ನಿಂತಿದ್ದ ನಾನೂ ಅದನ್ನು ತುಂಬಿ ಕಳಿಸಿದವರಲ್ಲಿ ಒಬ್ಬ. ತರಗತಿಯಲ್ಲಿ ವರ್ಷ ವರ್ಷವೂ ಇಬ್ಬನಿ ಬಿಂದುವನ್ನು ಪಾಠ ಮಾಡಿದವನಿಗೆ ಇದು ಹೊಳೆಯಲಿಲ್ಲ.

ನೀರು ಎಲ್ಲಿತ್ತು?

ಗಾಳಿಯಲ್ಲಿತ್ತು ಎಂದು ನೀವು ಹೇಳಬಹುದು. ಲೆಕ್ಕ ಹಾಕೋಣ. ಇಪ್ಪತ್ತು ಅಡಿ ಕಂಟೇನರಿನ ಒಳ ಅಳತೆ ಸುಮಾರು 5.9 ಮೀ. ಉದ್ದ, 2.35 ಮೀ. ಅಗಲ, 2.39 ಮೀ. ಎತ್ತರ, ಗಾತ್ರ ಸುಮಾರು 33 ಘನ ಮೀಟರ್. ಸಾಮಾನು ತುಂಬಿದ ಮೇಲೆ ಉಳಿಯುವ ಗಾಳಿ 15 ಘನ ಮೀಟರ್ ಎಂದು ಇಟ್ಟುಕೊಳ್ಳಿ. 25° ಸೆ. ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಸಾಪೇಕ್ಷ ಆರ್ದ್ರತೆ ಶೇ. 80 ಇದ್ದರೆ ಅದರಲ್ಲಿರುವುದು 18.4 ಗ್ರಾಂ. ಅಂದರೆ ಕಂಟೇನರಿನ ಗಾಳಿಯಲ್ಲಿ ಒಟ್ಟು 276 ಗ್ರಾಂ ನೀರು, ಒಂದು ದೊಡ್ಡ ಲೋಟದಷ್ಟು. ಅದಿಷ್ಟೂ ಹನಿಯಾದರೂ ಪುಸ್ತಕಗಳ ಒಂದು ಸಾಲು ನೆನೆಯುವುದಿಲ್ಲ.

ನೀರು ಇದ್ದದ್ದು ಮರದಲ್ಲಿ, ಕಾಗದದಲ್ಲಿ, ರಟ್ಟಿನಲ್ಲಿ, ಹತ್ತಿಯ ಹಾಸಿಗೆಯಲ್ಲಿ. ಇವೆಲ್ಲ ಸೆಲ್ಯುಲೋಸಿನ ವಸ್ತುಗಳು. ಸುತ್ತಲಿನ ಗಾಳಿ ತೇವವಾಗಿದ್ದರೆ ನೀರನ್ನು ಹೀರುತ್ತವೆ, ಒಣಗಿದ್ದರೆ ಬಿಡುತ್ತವೆ, ಕೊನೆಗೆ ಒಂದು ಸಮತೋಲನಕ್ಕೆ ಬರುತ್ತವೆ. ಸಾಪೇಕ್ಷ ಆರ್ದ್ರತೆ ಶೇ. 80 ಇರುವ ಕಡೆ ಮರದಲ್ಲಿ ಅದರ ಒಣ ತೂಕದ ಸುಮಾರು ಶೇ. 16ರಷ್ಟು ನೀರು ಇರುತ್ತದೆ, ಶೇ. 50 ಇರುವ ಕಡೆ ಸುಮಾರು ಶೇ. 9. ಕಾಗದ, ಹತ್ತಿಗಳಲ್ಲಿ ಇದಕ್ಕಿಂತ ತುಸು ಕಡಿಮೆ. ನಮ್ಮ ಕಂಟೇನರಿನಲ್ಲಿ ಇಂಥ ವಸ್ತುಗಳ ಒಣ ತೂಕ ಒಂದು ಟನ್ ಇತ್ತೆಂದು ಹಿಡಿದು, ಮಳೆಗಾಲಕ್ಕೆ ಸರಾಸರಿ ಶೇ. 13 ಎಂದು ಇಟ್ಟುಕೊಂಡರೆ 130 ಕಿಲೋಗ್ರಾಂ ನೀರಾಯಿತು. ಹತ್ತು ಬಿಂದಿಗೆ! ಅದನ್ನು ಯಾರೂ ನೋಡುವುದಿಲ್ಲ, ಮುಟ್ಟಿದರೆ ಕೈಗೆ ತಾಗುವುದಿಲ್ಲ. ಇದೇ ಸಾಮಾನನ್ನು ಮಾರ್ಚ್ ತಿಂಗಳಿನಲ್ಲಿ ಕಟ್ಟಿದ್ದರೆ ಸುಮಾರು ಶೇ. 8, ಅಂದರೆ 80 ಕಿಲೋಗ್ರಾಂ. ಬರೀ ತಿಂಗಳಿನ ಆಯ್ಕೆಯಿಂದ 50 ಲೀಟರ್ ನೀರಿನ ವ್ಯತ್ಯಾಸ.

ನಂಬಿಕೆ ಬಾರದಿದ್ದರೆ ಮಳೆಗಾಲದ ಒಂದು ದಿನ 100 ಗ್ರಾಂ ಹಳೆಯ ಪತ್ರಿಕೆಯನ್ನು ತೂಗಿ, ಹಾಳೆಗಳನ್ನು ಒಂದೊಂದಾಗಿ ಇಸ್ತ್ರಿ ಮಾಡಿ, ತಕ್ಷಣ ಮತ್ತೆ ತೂಗಿ ನೋಡಿ. ಹಲವು ಗ್ರಾಂ ಕಡಿಮೆಯಾಗಿರುತ್ತದೆ. ತಕ್ಕಡಿಯ ಮೇಲೆಯೇ ಬಿಟ್ಟರೆ ತೂಕ ನಿಧಾನವಾಗಿ ಮತ್ತೆ ಏರುವುದನ್ನೂ ಮಕ್ಕಳು ನೋಡಬಹುದು.

ಛಾವಣಿಯೇ ಮೋಡ

ಕಂಟೇನರಿನ ಗೋಡೆ, ಛಾವಣಿಗಳು ಎರಡು ಮಿಲಿಮೀಟರ್ ಆಸುಪಾಸಿನ ಉಕ್ಕಿನ ತಗಡು. ಬಂದರಿನ ಬಿಸಿಲಿನಲ್ಲಿ ಈ ಛಾವಣಿ ಹಗಲು 60° ಸೆ.ವರೆಗೂ ಕಾಯಬಹುದು. ಮೇಲಿನ ಪೆಟ್ಟಿಗೆಗಳು ಬಿಸಿಯಾಗಿ ನೀರಾವಿಯನ್ನು ಬಿಡುತ್ತವೆ. ರಾತ್ರಿ ಛಾವಣಿ ಆಕಾಶಕ್ಕೆ ಉಷ್ಣವನ್ನು ವಿಕಿರಣಗೊಳಿಸಿ ಬೇಗ ತಣಿಯುತ್ತದೆ. ಸಾಮಾನು ಅಷ್ಟು ಬೇಗ ತಣಿಯುವುದಿಲ್ಲ. ಛಾವಣಿಯ ಉಷ್ಣತೆ ಒಳಗಿನ ಗಾಳಿಯ ಇಬ್ಬನಿ ಬಿಂದುವಿಗಿಂತ ಕೆಳಗಿಳಿದ ಕ್ಷಣ ತಗಡಿನ ಒಳಮೈಯಲ್ಲಿ ಹನಿಗಳು ಕಟ್ಟುತ್ತವೆ. ಹನಿಗಳು ಕೂಡಿಕೊಂಡು ದೊಡ್ಡವಾಗಿ ಕೆಳಗೆ ಉದುರುತ್ತವೆ. ಗಾಳಿ ಕಳೆದುಕೊಂಡ ಆವಿಯನ್ನು ಮರ ಮತ್ತು ಕಾಗದ ಮತ್ತೆ ತುಂಬಿಕೊಡುತ್ತವೆ. ಹೀಗೆ ಪ್ರತಿದಿನವೂ ಒಂದು ಪಂಪು ನಡೆಯುತ್ತದೆ: ನೀರು ಸಾಮಾನಿನ ಒಡಲಿನಿಂದ ಏರಿ ಮೇಲಿನ ಸಾಲಿನ ಮೇಲೆ ಬೀಳುತ್ತದೆ. ಹಡಗಿನವರು ಇದನ್ನು ಕಂಟೇನರ್ ಮಳೆ ಎಂದೇ ಕರೆಯುತ್ತಾರೆ.

ಹಡಗು ಉತ್ತರಕ್ಕೆ ಸಾಗಿದಂತೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಸಾಮಾನಿನ ನಡುವಿನ ಗಾಳಿ 20° ಸೆ., ಆರ್ದ್ರತೆ ಶೇ. 75 ಇದ್ದರೆ ಇಬ್ಬನಿ ಬಿಂದು 15° ಸೆ.ಗಿಂತ ತುಸು ಮೇಲೆ. ಅಕ್ಟೋಬರಿನ ಅಟ್ಲಾಂಟಿಕ್‌ನಲ್ಲಿ ತಗಡು ಅದಕ್ಕಿಂತ ತಣ್ಣಗಿರುವುದು ಸಾಮಾನ್ಯ. ಅದೇ ಸಾಮಾನು ಶೇ. 45ರ ಗಾಳಿಗೆ ಹೊಂದಿಕೊಂಡು ಒಣಗಿದ್ದಿದ್ದರೆ ಇಬ್ಬನಿ ಬಿಂದು 8° ಸೆ.ಗೆ ಇಳಿಯುತ್ತಿತ್ತು, ಮಳೆ ಬಹಳಷ್ಟು ತಪ್ಪುತ್ತಿತ್ತು. ಟೊರಾಂಟೊದ ಅಂಗಳದಲ್ಲಿ ನಡೆದದ್ದು ಕೊನೆಯ ಅಂಕ. ಸೊನ್ನೆಗಿಂತ ಕೆಳಗಿನ ರಾತ್ರಿಗಳಲ್ಲಿ ಆವಿ ಛಾವಣಿಗೆ ನೇರವಾಗಿ ಹಿಮವಾಗಿ ಅಂಟಿಕೊಂಡು ಶೇಖರವಾಯಿತು. ಬಿಸಿಲು ಬಂದ ದಿನ ಎಲ್ಲ ಒಮ್ಮೆಗೇ ಕರಗಿತು.

ಈಗ ಈ ಯಾನ ಯೋಜಿಸುವವರು ದಾರಿಯನ್ನೂ ಕೇಳಿಕೊಳ್ಳಬೇಕು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ನಡೆದಾಗ ಬಹಳಷ್ಟು ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾದ ದಕ್ಷಿಣ ತುದಿಯನ್ನು ಬಳಸಿ ಹೋದವು. ಆ ದಾರಿಯಲ್ಲಿ ಹೆಚ್ಚು ದಿನ ಹಿಡಿಯುವುದಷ್ಟೇ ಅಲ್ಲ, ಹಡಗು ಭೂಮಧ್ಯರೇಖೆಯನ್ನು ಎರಡು ಸಲ ದಾಟುತ್ತದೆ. ಸೆಕೆಯಿಂದ ತಂಪಿಗೆ, ಮತ್ತೆ ಸೆಕೆಗೆ, ಮತ್ತೆ ಚಳಿಗೆ.

ಹಾಗಾದರೆ ಮಾಡಬೇಕಾದದ್ದೇನು? ಸಿಲಿಕಾ ಜೆಲ್ ಚೀಲ ಹಾಕಿದರೆ ಸಾಕೆಂದು ಸಾಗಣೆಯವರು ಹೇಳುತ್ತಾರೆ. ಒಂದು ಕಿಲೋಗ್ರಾಂ ಸಿಲಿಕಾ ಜೆಲ್ ಮೂರು ನೂರು ಗ್ರಾಂ ನೀರನ್ನು ಹೀರಬಹುದು. ಹೆಚ್ಚುವರಿ 50 ಲೀಟರಿಗೆ ಎಷ್ಟು ಚೀಲ ಬೇಕೆಂದು ನೀವೇ ಭಾಗಿಸಿ. ಕಂಟೇನರಿಗೆಂದೇ ಬರುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲಗಳು ತಮ್ಮ ತೂಕದಷ್ಟು ಅಥವಾ ಅದಕ್ಕೂ ಹೆಚ್ಚು ಹೀರುತ್ತವೆ, ಅವು ಮೇಲು. ಆದರೂ ನಿಜವಾದ ಉಪಾಯ ಒಣಗಿದ ಕಾಲದಲ್ಲಿ ಕಟ್ಟುವುದು. ಆಗದಿದ್ದರೆ ಸಾಮಾನನ್ನು ಕೆಲವು ವಾರ ತೇವ ತೆಗೆದ ಕೋಣೆಯಲ್ಲಿ ಇಟ್ಟು ಕಟ್ಟುವುದು. ಮೇಲಿನ ಸಾಲಿನ ಮೇಲೆ ದಪ್ಪ ಹೊದಿಕೆ ಹಾಸಿದರೆ ಹನಿಗಳನ್ನು ಅದು ಹಿಡಿಯುತ್ತದೆ. ಪುಸ್ತಕಗಳು ಕೆಳಗೆ ಇರಲಿ. ಮೇಲೆ ಸ್ಟೀಲ್ ಪಾತ್ರೆ ಬರಲಿ. ಪ್ಲಾಸ್ಟಿಕ್ ಹಾಳೆ ಮಾತ್ರ ಎರಡಲಗಿನ ಕತ್ತಿ: ಒಣಗಿದ ಪುಸ್ತಕವನ್ನು ಅದು ಕಾಪಾಡುತ್ತದೆ, ತೇವದ ಪುಸ್ತಕವನ್ನು ಕೊಳೆಸುತ್ತದೆ. ನಮ್ಮವನ್ನು ಆಗಸ್ಟ್ ತಿಂಗಳಿನಲ್ಲಿ ಬಿಗಿಯಾಗಿ ಸುತ್ತಿಸಿದವನು ನಾನೇ.

ಪೆಟ್ಟು ಮತ್ತು ಜಾರುವಿಕೆ

ಬೂಷ್ಟಿಗೆ ಹೋಲಿಸಿದರೆ ಒಡೆದ ಸಾಮಾನು ಕಡಿಮೆ. ಇಲ್ಲಿ ಪ್ಯಾಕರ್ಸ್‌ನವರು ತಮ್ಮ ಕೆಲಸ ಬಲ್ಲವರು. ಒಂದು ಮೀಟರ್ ಎತ್ತರದಿಂದ ಬಿದ್ದ ಪೆಟ್ಟಿಗೆ ನೆಲ ತಾಗಿದ ಮೇಲೆ 5 ಮಿ.ಮೀ. ದೂರದಲ್ಲಿ ನಿಂತರೆ ಒಳಗಿನ ತಟ್ಟೆಯ ಮೇಲೆ ಗುರುತ್ವದ ಸುಮಾರು 200 ಪಟ್ಟು ವೇಗೋತ್ಕರ್ಷ. ಮೆತ್ತೆಯಿಂದಾಗಿ 5 ಸೆಂ.ಮೀ. ದೂರದಲ್ಲಿ ನಿಂತರೆ 20 ಪಟ್ಟು. ಬಿದ್ದ ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿದರೆ ಆಯಿತು. ಕಾಗದದ ಉಂಡೆಗಳ ಮರ್ಮ ಇಷ್ಟೇ. ಹಡಗಿನ ಓಲಾಟವೂ ಹಾಗೆಯೇ. ಘರ್ಷಣಾಂಕ 0.3 ಇದ್ದರೆ ಪೆಟ್ಟಿಗೆ 17° ಓರೆಯಲ್ಲೇ ಜಾರುತ್ತದೆ, ಕೆಟ್ಟ ಹವೆಯಲ್ಲಿ ಹಡಗು ಅದಕ್ಕಿಂತ ಹೆಚ್ಚು ವಾಲುತ್ತದೆ. ಆದ್ದರಿಂದ ಜಾಗ ಖಾಲಿ ಬಿಡಬಾರದು. ಮರದ ಪಟ್ಟಿಗಳಿಂದ ಬಿಗಿಮಾಡಿದರೆ ಅವುಗಳ ಮೇಲೆ ಅಂತರರಾಷ್ಟ್ರೀಯ ಮುದ್ರೆ ಇರಬೇಕು: ಮರದ ತಿರುಳು 56° ಸೆ.ನಲ್ಲಿ 30 ನಿಮಿಷ ಕಾದಿದೆ, ಒಳಗೆ ಹುಳುಗಳಿಲ್ಲ ಎಂಬುದಕ್ಕೆ. ತೇವದಿಂದ ರಟ್ಟು ಮೆತ್ತಗಾದರೆ ಈ ಲೆಕ್ಕಗಳೆಲ್ಲ ತಲೆಕೆಳಗು. ಆರ್ದ್ರತೆ ಶೇ. 50ರಿಂದ 90ಕ್ಕೆ ಏರಿದರೆ ರಟ್ಟಿನ ಪೆಟ್ಟಿಗೆ ಭಾರ ಹೊರುವ ಶಕ್ತಿಯಲ್ಲಿ ಸುಮಾರು ಅರ್ಧವನ್ನು ಕಳೆದುಕೊಳ್ಳುತ್ತದೆ.

ಬಿಟ್ಟು ಹೋಗಬೇಕಾದವು

ಮಗಳು ಮಿಕ್ಸಿ, ವೆಟ್ ಗ್ರೈಂಡರ್ ಎರಡನ್ನೂ ಒಯ್ಯಬೇಕೆಂದಿದ್ದಳು. ನಮ್ಮ ವಿದ್ಯುತ್ತು 230 ವೋಲ್ಟ್, 50 ಹರ್ಟ್ಜ್. ಅಲ್ಲಿನದು 120 ವೋಲ್ಟ್, 60 ಹರ್ಟ್ಜ್. ನಮ್ಮ 1000 ವಾಟ್ ಇಸ್ತ್ರಿ ಪೆಟ್ಟಿಗೆ ಅಲ್ಲಿ ಸುಮಾರು 270 ವಾಟ್ ಮಾತ್ರ ಕೊಡುತ್ತದೆ, ಏಕೆಂದರೆ ಸಾಮರ್ಥ್ಯ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಸರಿಹೋಗುತ್ತದೆ, ಆವೃತ್ತಿ ಸರಿಹೋಗುವುದಿಲ್ಲ. ಮಿಕ್ಸಿಯಲ್ಲಿರುವ ಬ್ರಶ್ ಇರುವ ಮೋಟಾರಿಗೆ ಆವೃತ್ತಿಯ ಚಿಂತೆ ಇಲ್ಲ. ಗ್ರೈಂಡರಿನ ಪ್ರೇರಣ ಮೋಟಾರಿಗೆ ಇದೆ. ಅದರ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತಿನ ಬದಲು 1800 ಸುತ್ತು ಸುತ್ತುತ್ತದೆ. ಗ್ರೈಂಡರು ಇಲ್ಲೇ ಉಳಿಯಿತು, ನಮ್ಮ ಮನೆಯಲ್ಲಿ ದೋಸೆಹಿಟ್ಟು ರುಬ್ಬುತ್ತಿದೆ.

ಬೀಟೆ ಮರದ ಪೀಠೋಪಕರಣ ಇರುವವರಿಗೆ ಒಂದು ಮಾತು. 2017ರಿಂದ ಬೀಟೆ ಸೇರಿದ ಇಡೀ ಮರಕುಲವು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿದೆ. ಪರವಾನಗಿ ಬೇಕೇ ಎಂದು ಮೊದಲೇ ವಿಚಾರಿಸಬೇಕು. ಆನೆದಂತದ ಕುಸುರಿ ಇರುವ ಹಳೆಯ ವಸ್ತುಗಳನ್ನಂತೂ ಕಳಿಸುವ ಯೋಚನೆಯೇ ಬೇಡ.

ಇನ್ನು ವೀಣೆ. ನನ್ನ ತಾಯಿಯವರದು, ಹಲಸಿನ ಮರದ್ದು, ಅಂಚಿನ ಕುಸುರಿ ಪ್ಲಾಸ್ಟಿಕ್ಕಿನದು. ಮಗಳು ಅದನ್ನು ಕಂಟೇನರಿನಲ್ಲಿ ಕಳಿಸಲು ಒಪ್ಪಲಿಲ್ಲ, ಅದೊಂದು ಪುಣ್ಯ. ವೀಣೆಯ 24 ಮೆಟ್ಟಿಲುಗಳು ಮೇಣದಲ್ಲಿ ಕೂತಿರುತ್ತವೆ. ಜೇನುಮೇಣ 62-64° ಸೆ.ನಲ್ಲಿ ಕರಗುತ್ತದೆ, ಅದಕ್ಕೂ ಬಹಳ ಮೊದಲೇ ಮೆತ್ತಗಾಗುತ್ತದೆ. ಚೆನ್ನೈ ಬಿಸಿಲಿನ ತಗಡಿನಡಿ ಅದು ಉಳಿಯುತ್ತಿರಲಿಲ್ಲ. ತಲುಪಿದ ಮೇಲೆ ಕಾದಿದ್ದ ಅಪಾಯ ತದ್ವಿರುದ್ಧವಾದದ್ದು. ಹೊರಗಿನ -10° ಸೆ. ಗಾಳಿಯಲ್ಲಿ ಘನ ಮೀಟರಿಗೆ ಹೆಚ್ಚೆಂದರೆ 2.4 ಗ್ರಾಂ ನೀರಾವಿ. ಅದನ್ನೇ ಮನೆಯೊಳಗೆ 21° ಸೆ.ಗೆ ಕಾಯಿಸಿದರೆ ಸಾಪೇಕ್ಷ ಆರ್ದ್ರತೆ ಶೇ. 13ಕ್ಕೆ ಕುಸಿಯುತ್ತದೆ, ಅಡುಗೆ, ಸ್ನಾನ, ಉಸಿರು ಸೇರಿ ಶೇ. 25 ಆದೀತು. ಅಂಥ ಗಾಳಿಯಲ್ಲಿ ಮರದ ನೀರು ಶೇ. 13ರಿಂದ 5ರ ಹತ್ತಿರಕ್ಕೆ ಇಳಿಯುತ್ತದೆ. ನೀರು ಶೇ. 1 ಇಳಿದರೆ ಮರ ಎಳೆಗೆ ಅಡ್ಡಲಾಗಿ ಸುಮಾರು ಶೇ. 0.2 ಕುಗ್ಗುತ್ತದೆಂದು ಹಿಡಿದರೆ, 35 ಸೆಂ.ಮೀ. ಅಗಲದ ಕೊಡ ಐದೂವರೆ ಮಿಲಿಮೀಟರ್ ಕುಗ್ಗಬೇಕು. ನಿಧಾನವಾಗಿ ಕುಗ್ಗಿದರೆ ಸರಿ, ವಾರದಲ್ಲಿ ಕುಗ್ಗಿದರೆ ಬಿರುಕು.

ಆದ್ದರಿಂದ ಮೊದಲು ಮಗಳಿಂದ ಒಂದು ಆರ್ದ್ರತಾಮಾಪಕ ಕೊಳ್ಳಿಸಿದೆ. ಒಂದು ವರ್ಷ ಅವಳು ಭಾನುವಾರಗಳಂದು ಓದುಗಳನ್ನು ಕಳಿಸಿದಳು. ಜನವರಿಯಲ್ಲಿ ಶೇ. 24. ತೇವಕಾರಕ ಯಂತ್ರ ಇಟ್ಟು ಶೇ. 45ಕ್ಕೆ ಏರಿಸಿದಾಗ ಕಿಟಕಿಯ ಗಾಜುಗಳು ಬೆವರತೊಡಗಿದವು. ಅದೇ ಇಬ್ಬನಿ ಬಿಂದು! ಕೊನೆಗೆ ಶೇ. 38ಕ್ಕೆ ನಿಲ್ಲಿಸಿದರು. ವೀಣೆ 2024ರ ಜೂನ್ ತಿಂಗಳಿನಲ್ಲಿ, ತಂತಿಗಳನ್ನು ಸಡಿಲಿಸಿ, ವಿಮಾನದಲ್ಲಿ ನನ್ನ ಹೆಂಡತಿಯ ಜೊತೆ ಹೋಯಿತು. ಅಲ್ಲಿ ಬೇಸಿಗೆ, ಮನೆಯೊಳಗೆ ಶೇ. 60ರಷ್ಟು ಆರ್ದ್ರತೆ. ಸೆಪ್ಟೆಂಬರಿನಿಂದ ತಿಂಗಳಿಗೆ ನಾಲ್ಕೈದರಂತೆ ಇಳಿಸುತ್ತ ಬಂದರು. ಆ ಚಳಿಗಾಲದಲ್ಲಿ ಎರಡು ಮೆಟ್ಟಿಲುಗಳು ಮೇಣ ಬಿಟ್ಟು ಸಡಿಲವಾದವು. ಕೊಡ ಬಿರಿಯಲಿಲ್ಲ.