ನೆಲದಡಿಯ ನೀರಿಗೆ ಆಕಾಶದ ತಕ್ಕಡಿ

ನಮ್ಮ ನಾಗಪುರದ ಜೀರೋ ಮೈಲ್ ಕಂಬವನ್ನು ಕಾಣದ ವಿದ್ಯಾರ್ಥಿಯು ಇರಲಾರನು. ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣದ ನೆನಪನ್ನು ಅದು ಇಂದಿಗೂ ಹೊತ್ತು ನಿಂತಿದೆ. ಆ ಸರ್ವೇಕ್ಷಣದವರು ನೆಲವನ್ನಷ್ಟೇ ಅಲ್ಲ, ಭೂಮಿಯ ಸೆಳೆತವನ್ನೂ ಅಳೆದರು. ಸೆಳೆತವು ಹೆಚ್ಚಿದ್ದಲ್ಲಿ ಲೋಲಕವು ಬೇಗನೆ ತೂಗುವುದು, ಕಡಮೆಯಿದ್ದಲ್ಲಿ ಮೆಲ್ಲನೆ. ಬಸೇವಿ ಎಂಬ ಅಧಿಕಾರಿಯು ಲೋಲಕಗಳನ್ನು ಲಡಾಖಿನ ಶೀತಪ್ರದೇಶಕ್ಕೆ ಒಯ್ದು, 1871ರಲ್ಲಿ ಅಲ್ಲಿಯೇ ಪ್ರಾಣ ಬಿಟ್ಟನು.

ಇಂದು ಆ ಕಾರ್ಯವನ್ನು ಉಪಗ್ರಹಗಳು ನಡೆಸುತ್ತಿವೆ. 2002ರಲ್ಲಿ ಅಮೆರಿಕೆಯೂ ಜರ್ಮನಿಯೂ ಸೇರಿ 'ಗ್ರೇಸ್' ಎಂಬ ಅವಳಿ ಉಪಗ್ರಹಗಳನ್ನು ಹಾರಿಸಿದವು. ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಅವು ಒಂದರ ಹಿಂದೊಂದು ಸಾಗಿದವು. ಕೆಳಗಿನ ನೆಲದಲ್ಲಿ ದ್ರವ್ಯವು ಹೆಚ್ಚಿದ್ದರೆ ಅದರ ಸೆಳೆತಕ್ಕೆ ಮುಂದಿನದು ಮೊದಲು ಸಿಕ್ಕುವುದು. ನಡುವಣ ಅಂತರವು ಕೂದಲೆಳೆಗಿಂತಲೂ ಸೂಕ್ಷ್ಮವಾಗಿ ಬದಲಾಗುವುದು. ಅದನ್ನಳೆದು ತಿಂಗಳಿಗೊಂದು ನಕ್ಷೆಯನ್ನು ಮಾಡುವರು. ಬೆಟ್ಟಬಂಡೆಗಳು ತಿಂಗಳಲ್ಲಿ ಬದಲಾಗವು. ಬದಲಾಗುವುದು ಬಹುಮಟ್ಟಿಗೆ ನೀರೇ. 2017ರಲ್ಲಿ ಆ ಜೋಡಿಯ ಕೆಲಸವು ಮುಗಿಯಿತು. 2018ರಲ್ಲಿ ಹೊಸ ಜೋಡಿಯೊಂದು ಏರಿತು.

ಸೈಬೀರಿಯದಂತಹ ನಾಡುಗಳ ಬಹುಭಾಗದಲ್ಲಿ ನೆಲದ ಒಳಪದರವು ವರ್ಷವಿಡೀ ಹೆಪ್ಪುಗಟ್ಟಿಯೇ ಇರುವುದು. ಜನವಿರಳವಾದ ಅಲ್ಲಿ ಬಾವಿಗಳನ್ನು ನೋಡಿ ಲೆಕ್ಕ ಹಾಕುವುದು ಕಷ್ಟ. ಆದರೆ ಒಂದು ತೊಡಕನ್ನು ಗಮನಿಸಬೇಕು. ಒಂದು ಕಿಲೋ ಮಂಜುಗಡ್ಡೆಯು ಕರಗಿದರೆ ಒಂದು ಕಿಲೋ ನೀರಾಗುವುದಷ್ಟೆ, ತೂಕವು ಬದಲಾಗದು. ಕರಗಿದ ಮಾತ್ರಕ್ಕೆ ಉಪಗ್ರಹವು ಅದನ್ನು ಅರಿಯದು. ಆ ನೀರು ಹರಿದುಹೋದರೆ ತೂಕವಿಳಿಯುವುದು; ಸಡಿಲಗೊಂಡ ನೆಲದಲ್ಲಿ ಮಳೆಯು ಇಂಗಿ ನಿಂತರೆ ಏರುವುದು. ಲೇನಾ ನದಿಯ ಪ್ರದೇಶದಲ್ಲಿ ಗ್ರೇಸಿನ ಮೊದಲ ವರ್ಷಗಳಲ್ಲಿ ಏರಿಕೆಯೇ ಕಂಡುಬಂದಿತು. ಹಿಮ, ಕೆರೆ, ಹೊಳೆಗಳ ಪಾಲನ್ನು ಕಳೆದ ಮೇಲೆಯೇ ನೆಲದಡಿಯ ಪಾಲು ತಿಳಿಯುವುದು.

ನಮ್ಮ ದೇಶದ ಲೆಕ್ಕವಾದರೋ ಇಳಿಕೆಯದು. ರಾಜಸ್ಥಾನ, ಪಂಜಾಬ, ಹರಿಯಾಣಗಳಲ್ಲಿ 2002ರಿಂದ 2008ರವರೆಗೆ ಸುಮಾರು 109 ಘನ ಕಿಲೋಮೀಟರ್ ಅಂತರ್ಜಲವು ನಷ್ಟವಾಯಿತೆಂದು 2009ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಆ ವರ್ಷಗಳಲ್ಲಿ ಮಳೆಯೇನೂ ಕೈಕೊಟ್ಟಿರಲಿಲ್ಲ. ಬೇಸಾಯಕ್ಕಾಗಿ ಇಂಗಿದುದಕ್ಕಿಂತ ಹೆಚ್ಚು ನೀರನ್ನು ಎತ್ತಿದುದೇ ಕಾರಣ. ನಮ್ಮ ವಿದರ್ಭದ ವರೂಡದ ಕಿತ್ತಳೆ ತೋಟಗಳಿಗೂ ಈ ಕಷ್ಟವು ಹೊಸತಲ್ಲ.

ಆದರೆ ಈ ತಕ್ಕಡಿಯು ಬಲು ದೊಡ್ಡದು. ನೂರಾರು ಕಿಲೋಮೀಟರ್ ವಿಸ್ತಾರದ ನಾಡನ್ನು ಅದು ತೂಗಬಲ್ಲುದು. ನಮ್ಮ ಓಣಿಯ ಬಾವಿಯನ್ನು ತೂಗಲಾರದು. ಅದಕ್ಕೆ ಹಗ್ಗ ಬಿಟ್ಟು ನಾವೇ ನೋಡಬೇಕು. ವೈಶಾಖದಲ್ಲೊಮ್ಮೆ, ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ನೀರಿನ ಆಳವನ್ನು ಅಳೆದು ಬರೆದಿಡುವ ವಿದ್ಯಾರ್ಥಿಯು ಬಸೇವಿಯ ಕೆಲಸವನ್ನೇ ಮುಂದುವರಿಸಿದಂತೆ. ತಕ್ಕಡಿಯು ತೂಕವನ್ನು ಹೇಳೀತು. ಬರಿದಾದ ಬಾವಿಯನ್ನು ತುಂಬಲಾರದು.